ಖಾಲಿ ಕರಡಿಗೆ

"ಪ್ರಾರ್ಥನೆ ಮಾಡಿದ್ದೇವೆ, ಮನಸ್ಸಿಗೆ ಸಮಾಧಾನ ಬಂದಿದೆ" ಎಂದು ಯಾರಾದರೂ ನನ್ನೆದುರು ಅಂದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಪ್ರಾರ್ಥನೆ ಮಾಡುವವರ ಮನೆಯಲ್ಲೇ ಹುಟ್ಟಿ ಬೆಳೆದವಳು ನಾನು. ಪ್ರಾರ್ಥನೆಯ ಮೇಲೆ ನನಗೆ ಸಿಟ್ಟಿಲ್ಲ, ಸಿಟ್ಟೆಲ್ಲ ಆ ಸಮಾಧಾನದ ಮೇಲೆ. ಅದು ಬಂತು ಅಂದರೆ ಮುಗಿಯಿತು, ಎದುರಿಗಿದ್ದವರ ಬಾಯಿ ಕಟ್ಟಿತು. ದೇವರೇ ಹೂಂ ಅಂದ ಮೇಲೆ ಬೇಡ ಅನ್ನಲಿಕ್ಕೆ ನೀನ್ಯಾವ ದೊಡ್ಡವಳು, ಸುಮ್ಮನಿರು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಹುಮನಾಬಾದಿನ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ನಮ್ಮ ಊರು ಹುಮನಾಬಾದಿಗೂ ಬಸವಕಲ್ಯಾಣಕ್ಕೂ ನಡುವೆ, ಹೆದ್ದಾರಿಯಲ್ಲಿ ಬಸ್ ಇಳಿದು ಒಳಗೆ ನಡೆಯಬೇಕು. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದ. ಅವ್ವ ಬಟ್ಟೆ ಹೊಲಿದು ನನ್ನನ್ನು ಸಾಕಿದಳು. ಭಾನುವಾರ ಹುಮನಾಬಾದಿನ ಚರ್ಚಿಗೆ ಹೋಗುವುದು, ಉಳಿದ ದಿನ ಮಷಿನ್ ತುಳಿಯುವುದು, ಇಷ್ಟೇ ಅವಳ ಜೀವನ. ಯಾರೇ ಪ್ರಾರ್ಥನೆ ಮಾಡಲಿ, ಅವ್ವ ಕಣ್ಣು ಮುಚ್ಚಿ ಕೊನೆಗೆ ಆಮೆನ್ ಅನ್ನುವವಳು. ಒಮ್ಮೆ ನಮ್ಮ ಕೇರಿಯ ಕುಡುಕನೊಬ್ಬ ನಡುಬೀದಿಯಲ್ಲಿ ಕೂತು ದೇವರೇ ನನ್ನ ಹೆಂಡತಿಗೆ ಬುದ್ಧಿ ಕೊಡು ಅಂತ ಅತ್ತಾಗಲೂ, ನೀರಿನ ಕೊಡ ಹೊತ್ತು ಹೋಗುತ್ತಿದ್ದವಳು ನಿಂತು ಆಮೆನ್ ಅಂದು ಮುಂದೆ ಹೋಗಿದ್ದಳು. ನಾನು ನಕ್ಕಿದ್ದಕ್ಕೆ, ದೇವರ ಹೆಸರು ಎತ್ಯಾನಲ್ಲ, ಅಷ್ಟು ಸಾಕು ಅಂದಿದ್ದಳು.

ನಮ್ಮ ಮನೆ ಊರ ಹೊರಗಿನ ನಮ್ಮ ಕೇರಿಯಲ್ಲಿತ್ತು. ಮಳೆ ಬಂದರೆ ತಗಡು ಸೋರಿ ಹೊಲಿಗೆ ಮಷಿನ್‌ಗಳಿಗೆ ಜಂಗು ಹಿಡಿಯುತ್ತಿತ್ತು. ಊರ ಸಾವಕಾರರು ಟ್ರ್ಯಾಕ್ಟರ್ ತಂದು ಎತ್ತು ಮಾರಿದ ವರ್ಷ ಅವರ ದನದ ಕೊಟ್ಟಿಗೆ ಖಾಲಿ ಬಿತ್ತು. ಅವ್ವ ಅವರ ಸೊಸೆಗೆ ಕುಪ್ಪಸ ಹೊಲಿದು ಕೊಡುತ್ತಿದ್ದಳಾದ್ದರಿಂದ ಆ ಮನೆಯ ಹಿತ್ತಲ ಬಾಗಿಲು ಅವಳಿಗೆ ಪರಿಚಯ. ಮಷಿನ್ ತಂದು ಕೊಟ್ಟಿಗೆಯಲ್ಲಿ ಇಟ್ಟುಕೊಳ್ಳಿ, ಹುಡುಗಿಯರಿಗೂ ಕಲಿಸಿ ಅಂದರು ಸಾವಕಾರರು. ಅವರು ಲಿಂಗವಂತರು, ಮುಂಜಾನೆ ಲಿಂಗಪೂಜೆ ಆಗದೆ ಹನಿ ನೀರು ಮುಟ್ಟದ ಮನುಷ್ಯ. ಒಂದೇ ಷರತ್ತು ಹಾಕಿದರು: ಕೊಟ್ಟಿಗೆಯಲ್ಲಿ ಹೊಲಿಗೆ ಅಷ್ಟೇ, ದೇವರ ಮಾತು ಬೇಡ, ನಿಮ್ಮದೂ ಬೇಡ ನಮ್ಮದೂ ಬೇಡ. ಅವ್ವ ಒಪ್ಪಿದಳು. ಒಪ್ಪಿದ್ದನ್ನು ನಡೆಸಿಕೊಂಡೂ ಬಂದಳು.

ಮೊದಲು ನಮ್ಮ ಕೇರಿಯ ಹುಡುಗಿಯರಷ್ಟೇ ಬರುತ್ತಿದ್ದರು. ಸಾವಕಾರರ ಮೊಮ್ಮಗಳು ಬಾಗಿಲಲ್ಲಿ ನಿಂತು ನೋಡಿ ನೋಡಿ, ಒಂದು ದಿನ ಒಳಗೆ ಬಂದು ಕೇರಿಯ ಹುಡುಗಿಯರು ಕೂತಿದ್ದ ಜಮಖಾನದ ಮೇಲೆಯೇ ಕೂತಳು. ಸಾವಕಾರರ ಮೊಮ್ಮಗಳೇ ಕೂತ ಮೇಲೆ ಊರೊಳಗಿನ ಉಳಿದ ಮನೆಯವರು ಏನು ಅಂದಾರು? ಅವರ ಹುಡುಗಿಯರೂ ಬಂದರು, ಮುಸಲ್ಮಾನರ ಓಣಿಯವರೂ ಬಂದರು. ಒಂದೇ ಕತ್ತರಿ, ಒಂದೇ ಕೊಡದ ನೀರು. ನಮ್ಮ ಊರನ್ನು ಬಲ್ಲವರಿಗೆ ಇದು ಎಂಥ ಮಾತು ಅಂತ ಗೊತ್ತು. ನನ್ನ ಅಜ್ಜಿ ಆ ಮನೆಯ ಅಂಗಳಕ್ಕೆ ಚಪ್ಪಲಿ ಕೈಯಲ್ಲಿ ಹಿಡಿದು ಹೋಗುತ್ತಿದ್ದವಳು. ಯಾರೂ ಭಾಷಣ ಮಾಡಲಿಲ್ಲ, ಹೋರಾಟ ಮಾಡಲಿಲ್ಲ. ಅವ್ವ ಗುಂಡಿಗೆ ಕಾಜಾ ಹೊಲಿಯುವುದು ಕಲಿಸಿದಳು, ಅಷ್ಟೇ. ಸುವಾರ್ತೆ ಅಂದರೆ ಏನು ಅಂತ ಆಗ ಯಾರಾದರೂ ನನ್ನನ್ನು ಕೇಳಿದ್ದರೆ ಕೈಹಿಡಿದು ಆ ಕೊಟ್ಟಿಗೆಗೆ ಕರೆದುಕೊಂಡು ಹೋಗುತ್ತಿದ್ದೆ.

ಆ ವರ್ಷ ಮೇ ತಿಂಗಳ ರಜೆಯಲ್ಲಿ ಬೆಂಗಳೂರಿನಿಂದ ಕಾಲೇಜು ವಿದ್ಯಾರ್ಥಿಗಳ ತಂಡವೊಂದು ನಮ್ಮ ಸೀಮೆಗೆ ಎರಡು ವಾರದ ಸೇವೆಗೆ ಬಂತು. ಇಲ್ಲಿಯ ಮಾತು ಬಲ್ಲ ಒಬ್ಬಳು ಬೇಕು ಅಂತ ಚರ್ಚಿನ ಹಿರಿಯರು ನನ್ನನ್ನು ಸೇರಿಸಿದರು. ನಾನು ಹಿಗ್ಗಿನಿಂದ ಹೋದೆ. ಗಿಟಾರ್ ಏನು, ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟ್ ಏನು. ತಂಡದ ನಾಯಕ ಎಂಜಿನಿಯರಿಂಗ್ ಕೊನೆಯ ವರ್ಷದ ಹುಡುಗ. ಮೆಲ್ಲಗೆ ಮಾತಾಡುವವನು, ತಿಂದ ತಟ್ಟೆ ತಾನೇ ತೊಳೆಯುವವನು. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನಾಲ್ಕು ಬೈದು ಕೈತೊಳೆದುಕೊಳ್ಳಬಹುದಿತ್ತು.

ಬೇಮಳಖೇಡದಲ್ಲಿ ಶಾಲೆಯ ಗೋಡೆಗೆ ಸುಣ್ಣ ಹೊಡೆದೆವು. ಚಿಟಗುಪ್ಪದಲ್ಲಿ ಮಕ್ಕಳಿಗೆ ಹಾಡು ಕಲಿಸಿದೆವು. ಮಕ್ಕಳು ಇವರ ಬೆಂಗಳೂರು ಕನ್ನಡ ಕೇಳಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದವು. ಬಿಸಿಲಿಗೆ ಇಬ್ಬರು ಮಲಗಿಬಿಟ್ಟರು, ಜೋಳದ ರೊಟ್ಟಿ ಒಬ್ಬರಿಗೂ ಇಳಿಯಲಿಲ್ಲ. ಅದೆಲ್ಲ ಇರಲಿ, ಹೊಸಬರು. ಆದರೆ ಅವರದೊಂದು ಪದ್ಧತಿ ಇತ್ತು. ಏನೇ ಮಾಡಬೇಕಾದರೂ ಗುಂಡಗೆ ನಿಂತು, ಹೆಗಲ ಮೇಲೆ ಕೈ ಹಾಕಿ, ಕಣ್ಣು ಮುಚ್ಚಿ ಕೇಳುವುದು. ಮನಸ್ಸಿಗೆ ಸಮಾಧಾನ ಬಂದರೆ ಮಾಡುವುದು. ಹುಮನಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ಬಸ್ ಹೊರಟು ನಿಂತಿತ್ತು, ಇವರು ಹತ್ತಬೇಕೋ ಮುಂದಿನದಕ್ಕೆ ಕಾಯಬೇಕೋ ಅಂತ ಕಣ್ಣು ಮುಚ್ಚಿದ್ದರು. ಕಂಡಕ್ಟರ್ ಬಾಗಿಲಲ್ಲಿ ಜೋತು ಬಿದ್ದು, ಇವರು ಬಸ್ಸಿನ್ಯಾಗ ಬರತಾರೋ, ಸೀದಾ ಸ್ವರ್ಗಕ್ಕ ಹೊಂಟಾರೋ ಅಂತ ನನ್ನನ್ನು ಕೇಳಿದ. ಆಗ ನನಗೂ ನಗು ಬಂದಿತ್ತು. ಎಲ್ಲರೂ ಹೂಂ ಅಂದದ್ದನ್ನೇ ದೇವರೂ ಅನ್ನುತ್ತಾನೆ ಅನ್ನುವುದು ಮಾತ್ರ ಅವತ್ತು ನನಗೆ ಹೊಳೆಯಲಿಲ್ಲ.

ಒಂದು ದಿನ ಬಿಡುವು ಮಾಡಿಕೊಂಡು ಬಸವಕಲ್ಯಾಣ ನೋಡಲು ಹೋದೆವು. ಕೋಟೆ ಹತ್ತಿ ಇಳಿದು, ಪೇಟೆಯಲ್ಲಿ ಬರುವಾಗ ನಾಯಕ ಒಂದು ಅಂಗಡಿಯ ಮುಂದೆ ನಿಂತ. ವಿಭೂತಿ, ರುದ್ರಾಕ್ಷಿ, ಲಿಂಗ ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಕರಡಿಗೆ ಮಾರುವ ಅಂಗಡಿ. ಅವನು ಒಂದು ಕರಡಿಗೆ ಕೊಂಡ. ಅಂಗಡಿಯ ಮುದುಕ ಖುಷಿಯಿಂದ, ದೀಕ್ಷಾ ಆಗ್ಯಾದೇನಪ್ಪಾ ಅಂತ ವಿಚಾರಿಸಿದ. ಇವನಿಗೆ ಮಾತು ತಿಳಿಯಲಿಲ್ಲ, ಸುಮ್ಮನೆ ನಕ್ಕ. ಮುದುಕ ಅದನ್ನು ಕಣ್ಣಿಗೊತ್ತಿಕೊಂಡು ಎರಡೂ ಕೈಯಿಂದ ಕೊಟ್ಟ.

ಬಸ್ಸಿನಲ್ಲಿ ಯಾಕೆ ಕೊಂಡೆ ಎಂದು ಕೇಳಿದೆ. ನಾಟಕಕ್ಕೆ ಅಂದ. ಅವರದೊಂದು ಮೂಕನಾಟಕ ಇತ್ತು. ಒಬ್ಬ ಮನುಷ್ಯ ಮೈತುಂಬ ಹಗ್ಗ ಬಿಗಿದುಕೊಂಡು ಒದ್ದಾಡುತ್ತಾನೆ, ಬಿಳಿ ನಿಲುವಂಗಿಯ ಯೇಸು ಬಂದು ಒಂದೊಂದೇ ಹಗ್ಗ ಬಿಚ್ಚುತ್ತಾನೆ. ಬೇಮಳಖೇಡದಲ್ಲೂ ಚಿಟಗುಪ್ಪದಲ್ಲೂ ಆಡಿದ್ದೆವು, ಜನ ಚಪ್ಪಾಳೆ ತಟ್ಟಿದ್ದರು. ಕೊನೆಯ ಹಗ್ಗದ ಬದಲು ಈ ಕರಡಿಗೆ ಇದ್ದರೆ ಇಲ್ಲಿಯ ಜನಕ್ಕೆ ಬೇಗ ಮುಟ್ಟುತ್ತದೆ ಅಂತ ಅವನ ಲೆಕ್ಕ. ಮರುದಿನ ಆಟ ನಮ್ಮ ಊರಲ್ಲಿ, ಸಾವಕಾರರ ಅಂಗಳದಲ್ಲಿ. ಕೊಟ್ಟಿಗೆಯ ಮುಂದಿನ ಆ ಅಂಗಳವನ್ನು ಅವ್ವ ಹೋಗಿ ಕೇಳಿದ್ದಳು. ಹೊರಗಿನಿಂದ ಬಂದ ಮಕ್ಕಳು, ಹಾಡಿ ಕುಣಿದು ಹೋಗಲಿ, ಷರತ್ತು ಕೊಟ್ಟಿಗೆಗೆ ಮಾತ್ರ ಅಂತ ಅವರು ದೊಡ್ಡ ಮನಸ್ಸಿನಿಂದ ಕೊಟ್ಟಿದ್ದರು.

ನಾನು ಬೇಡವೇ ಬೇಡ ಅಂದೆ. ಅದು ಅವರ ಜೀವ, ಹಗ್ಗ ಅಲ್ಲ ಅಂದೆ. ತಂಡದ ಜೊತೆ ಮನೆಗೆ ಬಂದವಳೇ ಅವ್ವನಿಗೆ ಹೇಳಿದೆ. ಅವ್ವ ಹಿಟ್ಟಿನ ಕೈಯಲ್ಲೇ ಎದ್ದುಬಂದು, ತಮ್ಮಾ, ಅದೊಂದು ಬ್ಯಾಡಪಾ, ನಿನ್ನ ಕಾಲಿಗೆ ಬೀಳತೀನಿ ಅಂದಳು. ಅವನು ಗಾಬರಿಯಾಗಿ, ಅಯ್ಯೋ ಹಾಗೆಲ್ಲ ಅನ್ನಬೇಡಿ ಆಂಟಿ, ಬಿಟ್ಟುಬಿಡುತ್ತೇವೆ ಅಂದ. ಅವ್ವ ನಿಶ್ಚಿಂತೆಯಿಂದ ರೊಟ್ಟಿ ಬಡಿಯಲು ಕೂತಳು.

ಮರುದಿನ ಸಂಜೆ ಊರಿಗೆ ಊರೇ ಬಂದಿತ್ತು. ಸಾವಕಾರರು ಮುಂದಿನ ಕುರ್ಚಿಯಲ್ಲಿ ಕೂತಿದ್ದರು, ಪಕ್ಕದಲ್ಲಿ ಮೊಮ್ಮಗಳು. ಹೊಲಿಗೆಯ ಹುಡುಗಿಯರೆಲ್ಲ ಒಂದೇ ಸಾಲಿನಲ್ಲಿ ಕೂತಿದ್ದನ್ನು ನೋಡಿ ಅವ್ವನ ಮುಖ ಅರಳಿತ್ತು. ಟೇಪಿನ ಹಾಡು ಶುರುವಾಯಿತು. ಹಗ್ಗ ಬಿಗಿದುಕೊಂಡ ಹುಡುಗ ಬಂದ. ಅಂಗಿಯ ಮೇಲೆ, ಎದೆಯ ನಡುವೆ, ದಾರದಲ್ಲಿ ಕರಡಿಗೆ ತೂಗುತ್ತಿತ್ತು. ನಾನು ಪಕ್ಕದಲ್ಲಿ ನಿಂತಿದ್ದ ನಾಯಕನ ತೋಳು ಹಿಡಿದು ಜಗ್ಗಿದೆ. ಬಿಡುತ್ತೇನೆ ಅಂದಿದ್ದೆಯಲ್ಲ ಅಂದೆ. ಅವನು ನನ್ನ ಕಡೆ ತಿರುಗಿ, ಬಹಳ ಪ್ರೀತಿಯಿಂದ ಹೇಳಿದ: "ಬೆಳಿಗ್ಗೆ ಎಲ್ಲರೂ ಪ್ರಾರ್ಥನೆ ಮಾಡಿದೆವು ಸಿಸ್ಟರ್. ಮನಸ್ಸಿಗೆ ಸಮಾಧಾನ ಬಂತು."

ನಾನು ಟೇಪ್ ಕಿತ್ತೊಗೆಯಲು ಓಡಿದೆ. ಅಷ್ಟರಲ್ಲಿ ಆಗಿಹೋಗಿತ್ತು. ಬಿಳಿ ನಿಲುವಂಗಿಯವನು ದಾರ ಹರಿದು ಕರಡಿಗೆಯನ್ನು ಮಣ್ಣಿಗೆ ಎಸೆದ. ಅದು ಉರುಳಿಕೊಂಡು ಬಂದು ಸಾವಕಾರರ ಕಾಲ ಹತ್ತಿರ ನಿಂತಿತು.

ಸಾವಕಾರರ ಕೈ ತಮ್ಮ ಎದೆಗೆ ಹೋಯಿತು. ಆಮೇಲೆ ಎದ್ದು, ನೋಯುವ ಮೊಣಕಾಲನ್ನು ನೆಲಕ್ಕೆ ಊರಿ, ಬಗ್ಗಿ ಅದನ್ನು ಎತ್ತಿಕೊಂಡರು. ಧೋತರದ ಸೆರಗಿನಿಂದ ಮಣ್ಣು ಒರೆಸಿ ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು. ತಂಡದ ಯಾರದೋ ಕ್ಯಾಮೆರಾ ಫಳ್ಳೆಂದು ಮಿಂಚಿತು. ಸಾವಕಾರರು ಮುಚ್ಚಳ ತೆಗೆದು ನೋಡಿದರು. ಖಾಲಿ ಅದ ಅಂತ ತಮಗೆ ತಾವೇ ಅಂದುಕೊಂಡರು. ಒಳಗೆ ಲಿಂಗ ಇಲ್ಲದ್ದು ನೋಡಿ ಅವರಿಗೆ ಜೀವ ಬಂದಂತಾಯಿತು ಅಂತ ಕಾಣುತ್ತದೆ. ಆದರೆ ಎಸೆದವರಿಗೆ ಅದು ಖಾಲಿಯೋ ತುಂಬಿದ್ದೋ ಎರಡೂ ಒಂದೇ ಅನ್ನುವುದೂ ಸಾವಕಾರರಿಗೆ ತಿಳಿದುಹೋಗಿತ್ತು.

ಅವರು ಯಾರನ್ನೂ ಬಯ್ಯಲಿಲ್ಲ. ಸಿಟ್ಟಿನಿಂದ ಮೇಲೆದ್ದ ಗಂಡಸರನ್ನು ಕೈಸನ್ನೆಯಲ್ಲೇ ಕೂರಿಸಿದರು. ಅವ್ವನ ಮುಂದೆ ಬಂದು ನಿಂತು, "ಅಕ್ಕೋರೆ, ನಿಮಗ ಇದು ಗೊತ್ತಿತ್ತೇನ್ರಿ?" ಅಂತ ಕೇಳಿದರು.

ಒಂದು ಮಾತು ಸಾಕಿತ್ತು. ಬೇಡ ಅಂತ ಕಾಲಿಗೆ ಬೀಳಲಿಕ್ಕೆ ಹೋಗಿದ್ದೆ, ಬಿಡುತ್ತೇವೆ ಅಂತ ಮಾತು ಕೊಟ್ಟಿದ್ದರು ಅಂತ ಅವ್ವ ಅಂದಿದ್ದರೆ, ಕೊಟ್ಟಿಗೆ ಉಳಿಯುತ್ತಿತ್ತು. ಅವರು ನಂಬುತ್ತಿದ್ದರು. ಅವ್ವ ಒಮ್ಮೆ ಆ ಹುಡುಗರ ಕಡೆ ನೋಡಿದಳು. ಗಂಡಸರು ಇನ್ನೂ ಮುಷ್ಟಿ ಬಿಗಿದೇ ಇದ್ದರು. "ನಮ್ಮ ಮಂದಿ ಮಾಡ್ಯಾರ್ರಿ ಸಾವಕಾರ್ರೆ. ನಾನೇ ಕರಕೊಂಡು ಬಂದೀನಿ. ತಪ್ಪು ನಂದ್ರಿ," ಅಂದಳು.

ಅವತ್ತು ಅವ್ವನ ಮೇಲೂ ನನಗೆ ವಿಪರೀತ ಸಿಟ್ಟು ಬಂತು. ಮನೆಗೆ ಬಂದು ಕೂಗಾಡಿದೆ. ಅವರು ಮಾಡಿದ್ದನ್ನು ನಿನ್ನ ತಲೆ ಮೇಲೆ ಯಾಕೆ ಎಳಕೊಂಡೆ ಅಂದೆ. ಮತ್ತೇನು ಮಾಡಬೇಕಿತ್ತು ಬೇ, ಆ ಹುಡುಗರನ್ನ ಬಡಿಸಬೇಕಿತ್ತೇನು ಅಂದಳು. ಆ ಹುಡುಗರು ನಮ್ಮ ಕೇರಿಯ ಚಾವಡಿಯಲ್ಲಿ ಕೂತು ಅವ್ವ ಮಾಡಿಟ್ಟ ಅನ್ನ ಉಣ್ಣುತ್ತ, ಇವತ್ತು ವಿರೋಧ ಬಂತು, ವಿರೋಧ ಬಂದರೆ ಕೆಲಸ ನಡೆದಿದೆ ಅಂತಲೇ ಅರ್ಥ ಎಂದು ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಳ್ಳುತ್ತಿದ್ದರು. ಮರುದಿನ ಹಾಡುತ್ತ ಬಸ್ ಹತ್ತಿದರು. ನಾನು ಕಳಿಸಲಿಕ್ಕೆ ಹೋಗಲಿಲ್ಲ.

ಒಂದು ವಾರ ಏನೂ ಆಗಲಿಲ್ಲ. ಆಮೇಲೆ ಸಾವಕಾರರು ಸಂತೆಯಿಂದ ಒಂದು ಜೋಡಿ ಆಕಳು ಹೊಡೆಸಿಕೊಂಡು ಬಂದರು. ಮನೆಗೆ ಹಾಲು ಹಾಕುವವನಿದ್ದ, ಹೊಲಕ್ಕೆ ಟ್ರ್ಯಾಕ್ಟರ್ ಇತ್ತು, ಆಕಳು ಯಾರಿಗೂ ಬೇಕಾಗಿರಲಿಲ್ಲ. ಆಕಳ ಕಟ್ಟಬೇಕಾಗ್ಯಾದ್ರಿ ಅಕ್ಕೋರೆ, ಜಾಗ ಸಾಲೋದಿಲ್ಲ ಅಂತ ಆಳಿನ ಕೈಲಿ ಹೇಳಿ ಕಳಿಸಿದರು. ಹೊರಗೆ ಹೋಗು ಅನ್ನುವುದು ಬಾಯಿಗೆ ಬರದೆ, ಆ ಮನುಷ್ಯ ಎರಡು ದನ ಕೊಂಡುಬಿಟ್ಟಿದ್ದರು. ಮಷಿನ್‌ಗಳನ್ನು ಆಳುಗಳೇ ಹೊತ್ತು ತಂದು ನಮ್ಮ ಬಾಗಿಲಲ್ಲಿ ಇಳಿಸಿದರು, ಮೇಲೆ ಹೊದಿಸಿದ ಬಟ್ಟೆ ಕೂಡ ಸರಿದಿರಲಿಲ್ಲ. ಅವತ್ತೇ ಜಮಖಾನವೂ ಬಂತು. ಊರೊಳಗಿನ ಹುಡುಗಿಯರು ನಮ್ಮ ಕೇರಿಗೆ ಬರಲಿಲ್ಲ. ಬರುವ ಹಾಗೆಯೂ ಇರಲಿಲ್ಲ.

ಅವ್ವ ಸೊರಗಿದಳು. ಕೇರಿಯ ಹುಡುಗಿಯರಿಗೆ ಕಲಿಸುತ್ತಿದ್ದಳು, ಆದರೆ ಬಾಗಿಲ ಕಡೆ ನೋಡುವುದು ಬಿಡಲಿಲ್ಲ. ಸಾವಕಾರರ ಮೊಮ್ಮಗಳು ಮಾತ್ರ ಹಟ ಬಿಡಲಿಲ್ಲವಂತೆ. ಅಜ್ಜನ ಹಿಂದೆ ಬಿದ್ದು, ಆಕೆ ಏನು ಮಾಡ್ಯಾಳಂತ ಹೊರಗ ಹಾಕೀರಿ ಅಂತ ದಿನಾ ಕೇಳುತ್ತಿದ್ದಳಂತೆ. ಆ ವರ್ಷ, ಹೊಲದಲ್ಲೇ ಪೂಜೆ ಮಾಡಿ ಉಣ್ಣುವ ಎಳ್ಳಮಾವಾಸ್ಯೆಯ ದಿನ, ಅವರ ಹೊಲದಿಂದ ಆಳು ಬಂದ. ಗಡಿಗೆಯ ತುಂಬ ಸೊಪ್ಪು ಕಾಳು ಕುದಿಸಿದ ಭಜ್ಜಿ, ಜೊತೆಗೆ ಸಜ್ಜೆ ಕಡುಬು. ಮೊದಲೆಲ್ಲ ಪ್ರತಿ ವರ್ಷ ಬರುತ್ತಿದ್ದದ್ದೇ, ಈ ಸಲ ಬರುತ್ತದೆ ಅಂತ ನಾವು ಅಂದುಕೊಂಡಿರಲಿಲ್ಲ. ತೊಗರಿ ರಾಶಿ ಮುಗಿದ ಮೇಲೆ ಆಕಳು ಮಾರುತ್ತಾರಂತೆ, ಅಕ್ಕೋರಿಗೆ ಮಷಿನ್ ಸಜ್ಜು ಮಾಡಿ ಇಟ್ಟುಕೊಳ್ಳಲು ಹೇಳಿದ್ದಾರೆ ಅಂದ. ಅವ್ವ ಗಡಿಗೆ ಹಿಡಿದುಕೊಂಡೇ ಅತ್ತಳು. ಸಂಜೆಯೇ ಮಷಿನ್‌ಗೆ ಎಣ್ಣೆ ಬಿಟ್ಟು, ಜಮಖಾನ ಒಗೆದು ಹಾಕಿದಳು.

ಹೊಸ ವರ್ಷಕ್ಕೆ ಆ ವಿದ್ಯಾರ್ಥಿಗಳ ಸಂಘದಿಂದ ಹುಮನಾಬಾದಿನ ಚರ್ಚಿಗೆ ಒಂದು ಕಟ್ಟು ಕ್ಯಾಲೆಂಡರ್ ಬಂತು. ಬಣ್ಣದ್ದು, ನುಣುಪು ಕಾಗದ. ಎಲ್ಲ ವರ್ಷದ ಹಾಗೆ ಹಿರಿಯರು ಪೇಟೆಯ ಅಂಗಡಿಗಳಿಗೆ ಹಂಚಿದರು. ಪುಕ್ಕಟೆ ಕ್ಯಾಲೆಂಡರ್ ಯಾವ ಅಂಗಡಿಯವನು ಬೇಡ ಅಂತಾನೆ? ಅಡತಿ ಅಂಗಡಿಯೊಂದರಲ್ಲಿ, ತಕ್ಕಡಿಯ ಮೇಲಿನ ಗೋಡೆಗೆ, ಒಂದನ್ನು ಮೊಳೆ ಹೊಡೆದು ತೂಗು ಹಾಕಿದ್ದರು. ಸಾವಕಾರರು ತೊಗರಿ ಮಾರಲು ಹೋಗುವುದು ಅದೇ ಅಂಗಡಿಗೆ.

ಅವರು ನಮ್ಮ ಕೇರಿಗೆ ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತರು. ಕಂಕುಳಲ್ಲಿದ್ದ ಕ್ಯಾಲೆಂಡರ್ ಬಿಚ್ಚಿ ಹಿಡಿದರು. ಮೊದಲ ಹಾಳೆಯಲ್ಲೇ ಅವರಿದ್ದರು. ಮೊಣಕಾಲೂರಿ, ಎರಡೂ ಕೈಯನ್ನು ಕಣ್ಣಿಗೊತ್ತಿಕೊಂಡು ಅಳುತ್ತಿದ್ದರು. ಕೈಯೊಳಗೆ ಏನಿದೆ ಅಂತ ಕಾಣುತ್ತಿರಲಿಲ್ಲ. ಹಿಂದೆ, ಮಸುಕಾಗಿ, ಬಿಳಿ ನಿಲುವಂಗಿಯ ಯೇಸು. ಬಸವಕಲ್ಯಾಣ ಸೀಮೆಯಲ್ಲಿ ಯೇಸುವಿನ ಮುಂದೆ ಮೊಣಕಾಲೂರಿದ ಹಿರಿಯರು ಅಂತ ಕೆಳಗೆ ಅಚ್ಚು ಹಾಕಿದ್ದರು.

ಅಡತಿಯಲ್ಲಿ ಹಮಾಲರ ಮುಂದೆ, ಬೀಗರ ಮುಂದೆ, ಸಾವಕಾರ್ರು ಯಾವಾಗ ಜಾತಿ ಬದಲಿಸಿದ್ರಿ ಅಂತ ಅಂಗಡಿಯವರು ಕೇಳಿ ನಕ್ಕರಂತೆ. ಅದನ್ನೂ ಅವರು ಸಿಟ್ಟಿಲ್ಲದೆ ಹೇಳಿದರು. ಅವ್ವ ಕೈಮುಗಿದುಕೊಂಡು ನಿಂತಿದ್ದಳು. ನಾನು ಮುಂದೆ ಹೋಗಿ, ಇದರಲ್ಲಿ ಅವ್ವನದು ಏನೂ ಇಲ್ಲ, ಅವ್ವ ಹಿಂದಿನ ದಿನವೇ ಬೇಡ ಅಂದಿದ್ದಳು, ಬಿಡುತ್ತೇವೆ ಅಂತ ಮಾತು ಕೊಟ್ಟು ತಪ್ಪಿದ್ದು ಅವರು ಅಂತ ಎಲ್ಲ ಹೇಳಿಬಿಟ್ಟೆ. ಸಾವಕಾರರು ತಲೆಯಾಡಿಸಿದರು. ಅದನ್ನು ಮೊದಲೇ ಊಹಿಸಿದ್ದರು ಅಂತ ಕಾಣುತ್ತದೆ. ಕ್ಯಾಲೆಂಡರನ್ನು ಸುರುಳಿ ಸುತ್ತಿ ಅವ್ವನ ಕೈಗೆ ಕೊಟ್ಟರು.

"ನಿಮ್ಮ ಮ್ಯಾಲ ನನಗ ಏನೂ ಇಲ್ರಿ ಅಕ್ಕೋರೆ," ಅಂದರು. "ಆದ್ರ ಆಕಳ ಮಾರೋದಿಲ್ಲ."

ಕೊಟ್ಟಿಗೆಯ ಕಥೆ ಅಲ್ಲಿಗೆ ಮುಗಿಯಿತು. ಮೊಮ್ಮಗಳ ಮದುವೆ ಮಹಾರಾಷ್ಟ್ರದ ಕಡೆಗೆ ಆಯಿತು. ಅವಳ ಕುಪ್ಪಸಗಳನ್ನು ಬಸವಕಲ್ಯಾಣದ ಟೇಲರ್ ಹೊಲಿದ. ಕೇರಿಯ ಹುಡುಗಿಯರೂ ಒಬ್ಬೊಬ್ಬರಾಗಿ ಹುಮನಾಬಾದಿನ ಫ್ಯಾಕ್ಟರಿಗಳಿಗೆ ಕೂಲಿಗೆ ಹೋದರು.

ಮರುವರ್ಷ ಮೇ ತಿಂಗಳಲ್ಲಿ ಮತ್ತೆ ತಂಡ ಬಂತು. ಹುಡುಗರು ಹೊಸಬರು, ಓದು ಮುಗಿಸಿದ್ದರೂ ನಾಯಕ ಅವನೇ. ಕಳೆದ ಸಲದ ಆಂಟಿಯನ್ನು ನೋಡದೆ ಹೋಗಬಾರದು ಅಂತ ಹುಡುಗರನ್ನು ಕರೆದುಕೊಂಡು ನಮ್ಮ ಮನೆ ಹುಡುಕಿಕೊಂಡು ಬಂದಿದ್ದ, ಹಣ್ಣು ತಂದಿದ್ದ. ಅವ್ವ ಚಹಾ ಮಾಡಿ ಕೊಟ್ಟಳು. ನಾನು ಸುಮ್ಮನಿರಲಿಲ್ಲ. ಕ್ಯಾಲೆಂಡರ್ ಅವನ ಮುಂದೆ ಬಿಚ್ಚಿಟ್ಟು, ಆ ಮುದುಕರು ಯಾಕೆ ಬಗ್ಗಿದ್ದು, ಯಾಕೆ ಅತ್ತದ್ದು, ಅದರಿಂದ ಇಲ್ಲಿ ಏನು ಹಾಳಾಯಿತು ಎಲ್ಲ ಹೇಳಿದೆ. ಸುಳ್ಳು ಅಚ್ಚು ಹಾಕಲಿಕ್ಕೆ ನಾಚಿಕೆ ಆಗಲಿಲ್ಲವೇ ಅಂದೆ. ಅವನ ಮುಖ ನಿಜಕ್ಕೂ ಬಾಡಿತು. ಇನ್ನೇನು ತಪ್ಪಾಯಿತು ಅನ್ನುತ್ತಾನೆ ಅಂದುಕೊಂಡೆ. ದೇವರು ಇದನ್ನೂ ಒಳ್ಳೆಯದಕ್ಕೆ ಉಪಯೋಗಿಸಿಕೊಳ್ಳುತ್ತಾನೆ ಸಿಸ್ಟರ್ ಅಂದ.

ಆಮೇಲೆ ಅವ್ವನ ಕಡೆ ತಿರುಗಿ, ಹೋಗುವ ಮೊದಲು ನಿಮಗಾಗಿ ಪ್ರಾರ್ಥನೆ ಮಾಡುತ್ತೇವೆ, ವಿಶೇಷವಾಗಿ ಏನಾದರೂ ಬೇಡಿಕೊಳ್ಳಬೇಕಾ ಆಂಟಿ ಅಂತ ಕೇಳಿದ. ಅವ್ವ ಚಹಾ ಕುಡಿದಿಟ್ಟ ಬಸಿಗಳನ್ನು ಒಂದರ ಮೇಲೊಂದು ಇಡುತ್ತಿದ್ದವಳು ನಿಲ್ಲಿಸಿದಳು.

"ಹೌದಪಾ ತಮ್ಮಾ, ಒಂದದ," ಅಂದಳು. "ನೀವು ಮತ್ತ ಈ ಕಡಿ ಬರಬಾರದು. ಅದನ್ನ ಕೇಳ್ರಿ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಗುಂಡಗೆ ನಿಂತರು. ಹೆಗಲ ಮೇಲೆ ಕೈ ಹಾಕಿಕೊಂಡರು, ಅವ್ವನನ್ನೂ ನಡುವೆ ನಿಲ್ಲಿಸಿಕೊಂಡರು. ನಾಯಕ ಕಣ್ಣು ಮುಚ್ಚಿ, ಗದ್ಗದ ಸ್ವರದಲ್ಲಿ, ಈ ತಾಯಿಯ ಹೃದಯವನ್ನು ಮೃದು ಮಾಡು ಸ್ವಾಮಿ ಎಂದು ಬೇಡಿಕೊಂಡ. ಅವ್ವ ಕೇಳಿದ್ದನ್ನು ಅವನು ಎತ್ತಲೇ ಇಲ್ಲ. ಬಹಳ ಹೊತ್ತು ಮಾಡಿದ. ನಾನು ಬಾಗಿಲಿಗೆ ಒರಗಿ ನೋಡುತ್ತಿದ್ದೆ. ಆ ಕೈಗಳ ನಡುವೆ ಅವ್ವ ಕಣ್ಣು ತೆರೆದುಕೊಂಡೇ ನಿಂತಿದ್ದಳು. ಪ್ರಾರ್ಥನೆ ಮುಗಿಯಿತು. ಎಲ್ಲರೂ ಆಮೆನ್ ಅಂದರು. ಅವ್ವ ಅನ್ನಲಿಲ್ಲ.